ಡ್ಯೂರಮ್ ಗೋಧಿ: ಕಾಳಿನ ತೂಕಕ್ಕೆ 4ಬಿ ಮೇಲೆ ದೊಡ್ಡ ಪೀಕ್ ಬಂದಿದೆ, ನಂಬಬಹುದಾ?

ಹಿಂಗಾರು_ಹುಡುಗಿ:

ಎಲ್ಲರಿಗೂ ನಮಸ್ಕಾರ. ತಳಿ ಅಭಿವೃದ್ಧಿ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೆಳೆ ಗೋಧಿ, ಅದರಲ್ಲೂ ಡ್ಯೂರಮ್ (ರವೆ, ಪಾಸ್ತಾಕ್ಕೆ ಬಳಸುವ ಗಟ್ಟಿ ಗೋಧಿ). ನಮ್ಮಲ್ಲಿ ಹಳೆಯ ಎತ್ತರದ ತಳಿ ಬಿಜಗಾ ಯೆಲ್ಲೋಗೆ ಒಂದು ಗಿಡ್ಡ ಡ್ಯೂರಮ್ ತಳಿಯನ್ನು ಕ್ರಾಸ್ ಮಾಡಿ ತೆಗೆದ ಆರ್‌ಐಎಲ್ ಸಾಲುಗಳಿವೆ, ಅಂದರೆ ಪ್ರತಿಯೊಂದೂ ತನ್ನೊಳಗೆ ಹೆಚ್ಚುಕಡಿಮೆ ಏಕರೂಪವಾದ ಸಾಲು. ಒಟ್ಟು 94, ಎಫ್7 (ಕ್ರಾಸ್ ಆದ ಮೇಲಿನ ಏಳನೇ ಪೀಳಿಗೆ) ತಲುಪಿವೆ. ನಾನು ಶುರು ಮಾಡಿದ್ದಲ್ಲ. ಸೀನಿಯರ್ ಒಬ್ಬರು ಒಂದೊಂದು ಗಿಡದಿಂದ ಒಂದೊಂದೇ ಕಾಳು ಹಿಡಿದು ಮುಂದುವರಿಸಿಕೊಂಡು ಬಂದು, ಕೆಲಸ ಸಿಕ್ಕಿತು ಅಂತ ಬಿಟ್ಟು ಹೋದರು.

ಹೋದ ಹಿಂಗಾರಿನಲ್ಲಿ ಒಂದೇ ಜಾಗದಲ್ಲಿ, ಎರಡು ರೆಪ್ಲಿಕೇಶನ್ ಮಾಡಿ (ಪ್ರತಿ ಸಾಲನ್ನೂ ಎರಡೆರಡು ಸಲ) ಬಿತ್ತಿದ್ದೆವು. ತೆಂಡೆ ಎಷ್ಟು, ತೆನೆಗೆ ಕಾಳು ಎಷ್ಟು, ಸಾವಿರ ಕಾಳಿನ ತೂಕ, ಪ್ಲಾಟ್ ಇಳುವರಿ, ಗಿಡದ ಎತ್ತರ, ತೆನೆ ಹೊರಬಂದ ದಿನ, ಎಲ್ಲ ಬರೆದುಕೊಂಡಿದ್ದೇನೆ. ಎಸ್‌ಎಸ್‌ಆರ್ ಮಾರ್ಕರ್‌ಗಳಿಂದ (ಡಿಎನ್‌ಎ ಮೇಲಿನ ಗುರುತುಗಳು) ಮ್ಯಾಪ್ ಮಾಡಿ ಕ್ಯೂಟಿಎಲ್ (ಒಂದು ಗುಣವನ್ನು ಹೆಚ್ಚು ಕಡಿಮೆ ಮಾಡುವ ಕ್ರೋಮೋಸೋಮ್ ಜಾಗ) ನೋಡಿದಾಗ 4ಬಿ ಕ್ರೋಮೋಸೋಮ್‌ನ ಚಿಕ್ಕ ತೋಳಿನ ಮೇಲೆ ಸಾವಿರ ಕಾಳಿನ ತೂಕಕ್ಕೆ ಎಲ್‌ಒಡಿ (ಆ ಜಾಗಕ್ಕೂ ಗುಣಕ್ಕೂ ಸಂಬಂಧ ಇದೆ ಅನ್ನುವುದಕ್ಕೆ ಸಾಕ್ಷಿ ಎಷ್ಟು ಬಲವಾಗಿದೆ ಅನ್ನುವ ಅಂಕಿ) 5.8ರ ಪೀಕ್ ಬಂತು. ಒಟ್ಟು ವ್ಯತ್ಯಾಸದಲ್ಲಿ ಶೇ 24ರಷ್ಟು ಅದೊಂದರಿಂದಲೇ ಅಂತ ತೋರಿಸುತ್ತಿದೆ. ತೂಕ ಜಾಸ್ತಿ ಮಾಡುವ ಆಲೀಲ್ (ಜೀನ್‌ನ ರೂಪ) ಬಿಜಗಾ ಕಡೆಯದು. ಇದನ್ನು ಕಾಸ್ಪ್ (ಡಿಎನ್‌ಎಯಲ್ಲಿ ಒಂದಕ್ಷರದ ವ್ಯತ್ಯಾಸವನ್ನು ಪಿಸಿಆರ್‌ನಿಂದ ಗುರುತಿಸುವ ಬಗೆ) ಮಾರ್ಕರ್ ಮಾಡಿಸಿ ಬೇರೆ ಕ್ರಾಸ್‌ಗಳಲ್ಲಿ ಆಯ್ಕೆಗೆ ಬಳಸೋಣ, ಪೇಪರ್ ಕೂಡ ಬರೆಯೋಣ ಅಂತ ಲ್ಯಾಬ್‌ನಲ್ಲಿ ಮಾತು ನಡೆದಿದೆ. ಒಂದೇ ಸೀಸನ್ ಡೇಟಾ ಇಟ್ಟುಕೊಂಡು ಅಷ್ಟು ಧೈರ್ಯ ಮಾಡಬಹುದಾ?

ಇನ್ನೊಂದು ತಲೆನೋವು. ಇಳುವರಿಗೆ ಸಂಬಂಧಿಸಿದ ಮಾರ್ಕರ್‌ಗಳು ಅಂತ ಒಂದು ಪಟ್ಟಿ ಕೊಟ್ಟಿದ್ದರು. ಅದರಲ್ಲಿ ಜಿಡಬ್ಲ್ಯೂಎಂ261, ಪಿಪಿಡಿ-ಡಿ1, ಟಿಎ-ಸಿಕೆಎಕ್ಸ್6-ಡಿ1 ಮೂರಕ್ಕೂ ನನ್ನ ಎರಡು ಪೇರೆಂಟ್‌ನಲ್ಲೂ ಜೆಲ್‌ನಲ್ಲಿ ಬ್ಯಾಂಡೇ (ಡಿಎನ್‌ಎ ಗೆರೆ) ಬರುತ್ತಿಲ್ಲ. ಡಿಎನ್‌ಎ ಹೊಸದಾಗಿ ತೆಗೆದೆ, ಟೆಂಪರೇಚರ್ ಏರಿಸಿ ಇಳಿಸಿ ನೋಡಿದೆ. ಅದೇ ಡಿಎನ್‌ಎಯಲ್ಲಿ ಬೇರೆ ಮಾರ್ಕರ್ ಚೆನ್ನಾಗಿ ಬರುತ್ತವೆ. ಅದೇ ಜೆಲ್‌ನ ಪಕ್ಕದ ವೆಲ್‌ನಲ್ಲಿ (ಗುಳಿಯಲ್ಲಿ) ಇಟ್ಟ ಬ್ರೆಡ್ ಗೋಧಿಯಲ್ಲೂ ಬಂತು. ಪ್ರೈಮರ್ (ಪಿಸಿಆರ್ ಶುರು ಮಾಡಿಸುವ ಡಿಎನ್‌ಎ ತುಣುಕು) ಹಾಳಾಗಿದೆಯಾ?

ಜೆಲ್_ಡಾಕ್:

ಪ್ರೈಮರ್ ಚೆನ್ನಾಗಿಯೇ ಇದೆ. ಆ ಮೂರೂ ಡಿ ಜೀನೋಮ್‌ನವು, ಅಂದರೆ ಡಿ ಅನ್ನುವ ಕ್ರೋಮೋಸೋಮ್ ಗುಂಪಿನವು. 2ಡಿ, 2ಡಿ, 3ಡಿ. ಡ್ಯೂರಮ್‌ನಲ್ಲಿ ಡಿ ಜೀನೋಮೇ ಇಲ್ಲ, ಬ್ಯಾಂಡ್ ಎಲ್ಲಿಂದ ಬರಬೇಕು? ಬ್ರೆಡ್ ಗೋಧಿಗೆ ಎ, ಬಿ, ಡಿ ಸೇರಿ 42 ಕ್ರೋಮೋಸೋಮ್. ಡ್ಯೂರಮ್‌ಗೆ ಎ ಮತ್ತು ಬಿ ಮಾತ್ರ, 28. ನಮ್ಮ ಸದಕ ಗೋಧಿಗೂ ಅಷ್ಟೇ. ಪಟ್ಟಿ ಕೊಟ್ಟವರು ಬ್ರೆಡ್ ಗೋಧಿ ಪೇಪರ್ ನೋಡಿ ಕೊಟ್ಟಿದ್ದಾರೆ. ಹಾಗೆ ನೋಡಿದರೆ ನಿಮಗೆ ಬ್ಯಾಂಡ್ ಬಂದಿದ್ದರೇ ಭಯ ಪಡಬೇಕಿತ್ತು, ಬೀಜ ಬೆರಕೆ ಆಗಿದೆ ಅಂತ.

ಹಗಲು ಉದ್ದಕ್ಕೆ ಸಂಬಂಧಪಟ್ಟ ಜೀನ್ ಬೇಕಿದ್ದರೆ ಡ್ಯೂರಮ್‌ನಲ್ಲಿ 2ಎ ಮೇಲೆ ಪಿಪಿಡಿ-ಎ1 ನೋಡಿ. ಅದರಲ್ಲಿ 1,027 ಬೇಸ್ (ಡಿಎನ್‌ಎ ಅಕ್ಷರ) ಹೋಗಿರುವುದು ಒಂದು ಬಗೆ, 1,117 ಬೇಸ್ ಹೋಗಿರುವುದು ಇನ್ನೊಂದು ಬಗೆ. ಎರಡರಲ್ಲಿ ಯಾವುದಿದ್ದರೂ ಗಿಡ ಹಗಲು ಉದ್ದವಾಗಲಿ ಅಂತ ಕಾಯದೆ ಬೇಗ ತೆನೆ ಬಿಡುತ್ತದೆ. ಸಾಧಾರಣ ಪಿಸಿಆರ್ ಸಾಕು, ಜೆಲ್‌ನಲ್ಲೇ ಕಾಣುತ್ತದೆ.

ಜಿಡಬ್ಲ್ಯೂಎಂ261 ವಿಷಯಕ್ಕೆ ಬಂದರೆ ಅದು ಬ್ರೆಡ್ ಗೋಧಿಯಲ್ಲೇ ಜನರಿಗೆ ಕೈಕೊಟ್ಟ ಮಾರ್ಕರ್. ಆರ್‌ಎಚ್‌ಟಿ8 ಅನ್ನುವ ಗಿಡ್ಡ ಜೀನ್ ಪಕ್ಕದಲ್ಲೇ ಇದೆ ಅಂತ 1998ರಲ್ಲಿ ಮ್ಯಾಪ್ ಮಾಡಿದರು. 192 ಬೇಸ್ ಬ್ಯಾಂಡ್ ಕಂಡರೆ ಆರ್‌ಎಚ್‌ಟಿ8 ಇದೆ ಅಂತ ಲೆಕ್ಕ. ಪ್ರಪಂಚದ ತಳಿಗಳನ್ನೆಲ್ಲ ಆ ಬ್ಯಾಂಡ್ ನೋಡಿ ವಿಂಗಡಿಸಿದರು. ಆಮೇಲೆ 2007ರಲ್ಲಿ ಗೊತ್ತಾಗಿದ್ದು, ನೋರಿನ್ 10 (ಜಪಾನಿನ ಗಿಡ್ಡ ಗೋಧಿ) ವಂಶದಲ್ಲೂ ಅದೇ 192 ಬ್ಯಾಂಡ್ ಇದೆ, ಆದರೆ ಅಲ್ಲಿ ಆರ್‌ಎಚ್‌ಟಿ8 ಇಲ್ಲ. ಪಕ್ಕದ ಮನೆಯ ದೀಪ ನೋಡಿ ಈ ಮನೆಯವರು ಊರಲ್ಲಿದ್ದಾರೆ ಅಂತ ಹೇಳಿದ ಹಾಗಾಯಿತು. ನೀವೀಗ ಮಾಡಬೇಕು ಅಂದುಕೊಂಡಿರುವ ಕಾಸ್ಪ್ ಕೂಡ ಪಕ್ಕದ ಮಾರ್ಕರೇ ತಾನೇ? ಜೀನ್ ಒಳಗಿನದಲ್ಲ. ಬಿಜಗಾ ಕ್ರಾಸ್‌ನಲ್ಲಿ ನಡೆದದ್ದು ಬೇರೆ ಕ್ರಾಸ್‌ನಲ್ಲಿ ನಡೆಯುತ್ತದೆ ಅಂತ ಗ್ಯಾರಂಟಿ ಇಲ್ಲ.

ಪ್ಲಾಟ್_ನಂಬರ್_ಏಳು:

ತಂಗಿ, ಕಾಸ್ಪ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಎತ್ತರದ ಡೇಟಾ ಇದೆ ಅಂದಿರಲ್ಲ, ಅದನ್ನೂ ಅದೇ ಮ್ಯಾಪ್ ಮೇಲೆ ಓಡಿಸಿ. ಪೀಕ್ ಎಲ್ಲಿ ಬರುತ್ತದೆ ಅಂತ ನಾನು ಕೂತಲ್ಲಿಂದಲೇ ಹೇಳುತ್ತೇನೆ. ಅದೇ ಜಾಗ, ಮತ್ತು ತೂಕದ ಪೀಕ್‌ಗಿಂತ ದೊಡ್ಡದು.

ಎತ್ತರದ ಪೇರೆಂಟ್, ಗಿಡ್ಡ ಪೇರೆಂಟ್, 4ಬಿ ಚಿಕ್ಕ ತೋಳು. ಈ ಮೂರು ಒಟ್ಟಿಗೆ ಕೇಳಿದ ಕೂಡಲೇ ಗೋಧಿಯವರ ಬಾಯಲ್ಲಿ ಬರುವ ಹೆಸರು ಆರ್‌ಎಚ್‌ಟಿ-ಬಿ1. ಚೈನೀಸ್ ಸ್ಪ್ರಿಂಗ್ ಅನ್ನುವ ಬ್ರೆಡ್ ಗೋಧಿ ತಳಿಯ ಜೀನೋಮ್ ಮ್ಯಾಪ್‌ನಲ್ಲಿ 4ಬಿ ತುದಿಯಿಂದ ಸುಮಾರು 31 ಮೆಗಾಬೇಸ್ (3.1 ಕೋಟಿ ಅಕ್ಷರ) ಹತ್ತಿರ ಕೂತಿದೆ. ಜಪಾನಿನ ನೋರಿನ್ 10 ತಳಿಯಿಂದ ಬಂದದ್ದು. 1946ರಲ್ಲಿ ಅದರ ಬೀಜ ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಮೆಕ್ಸಿಕೋದಲ್ಲಿ ಗೋಧಿ ತಳಿ ವಿಜ್ಞಾನಿ ಬೋರ್ಲಾಗ್ ಕೈಗೆ, 60ರ ದಶಕದಲ್ಲಿ ನಮ್ಮ ದೇಶಕ್ಕೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿ ಅಂದರೆ ಹೆಚ್ಚಾಗಿ ಈ ಜೀನ್ ಅಥವಾ 4ಡಿ ಮೇಲಿರುವ ಇದರ ಜೋಡಿ. ಡ್ಯೂರಮ್‌ನಲ್ಲಿ 4ಡಿ ಇಲ್ಲವಾದ್ದರಿಂದ ಗಿಡ್ಡ ಡ್ಯೂರಮ್‌ಗಳಲ್ಲಿ ಬಹುಪಾಲು ಬಿ1 ಒಂದೇ.

ಈ ಗಿಡ್ಡ ಆಲೀಲ್‌ನಲ್ಲಿ ಆಗಿರುವುದು ಒಂದೇ ಅಕ್ಷರದ ಬದಲಾವಣೆ. ಸಿ ಇದ್ದ ಕಡೆ ಟಿ ಬಂದಿದೆ, ಅಲ್ಲಿ ಪ್ರೋಟೀನ್ ಕಟ್ಟುವುದು ನಡುವೆ ನಿಲ್ಲುತ್ತದೆ, ಗಿಬ್ಬರೆಲಿನ್ ಹಾರ್ಮೋನ್ 'ಬೆಳೆ' ಅಂದರೂ ಗಿಡ ಕೇಳಿಸಿಕೊಳ್ಳುವುದಿಲ್ಲ. 1999ರಲ್ಲಿ ಜೀನ್ ಸಿಕ್ಕಿತು, 2002ರಲ್ಲಿ ಆ ಬದಲಾದ ಅಕ್ಷರವನ್ನೇ ನೋಡುವ ಮಾರ್ಕರ್ ಬಂತು. ಇದು ಪಕ್ಕದ ಮಾರ್ಕರ್ ಅಲ್ಲ, ಜೀನ್‌ನದೇ. ಎತ್ತರದ ಆಲೀಲ್‌ಗೆ ಒಂದು ಟ್ಯೂಬ್, ಗಿಡ್ಡದ್ದಕ್ಕೆ ಇನ್ನೊಂದು ಟ್ಯೂಬ್. ಕಾಸ್ಪ್‌ನಲ್ಲಿ ಒಂದೇ ವೆಲ್‌ನಲ್ಲಿ ಮುಗಿಯುತ್ತದೆ. ಹೊಸದಾಗಿ ಮಾಡಿಸುವುದೇ ಬೇಡ, ಪ್ರೈಮರ್ ಸೀಕ್ವೆನ್ಸ್ ಎಲ್ಲರಿಗೂ ಸಿಗುತ್ತದೆ. 94 ಸಾಲಿಗೆ ಎಷ್ಟು ಹೊತ್ತು, ಒಂದು ಪ್ಲೇಟ್ ಅಷ್ಟೇ ಅಲ್ವಾ.

ಈಗ ನಿಮ್ಮ ತೂಕದ ವಿಷಯ. ಗಿಡ್ಡ ಗಿಡದಲ್ಲಿ ದಂಟಿಗೆ ಹೋಗುವ ಊಟ ಉಳಿದು ತೆನೆಗೆ ಸಿಗುತ್ತದೆ, ಹಾಗಾಗಿ ಹೆಚ್ಚು ಹೂ ಉಳಿದು ಹೆಚ್ಚು ಕಾಳು ಕಟ್ಟುತ್ತವೆ. ಕಾಳು ಜಾಸ್ತಿ ಆದಾಗ ಒಂದೊಂದು ಕಾಳು ಸ್ವಲ್ಪ ಸಣ್ಣದಾಗುತ್ತದೆ. ಎತ್ತರದ ಸಾಲಿನಲ್ಲಿ ಇದರ ಉಲ್ಟಾ, ಕಾಳು ಕಡಿಮೆ ಆದರೆ ದಪ್ಪ. ಬಿಜಗಾ ಆಲೀಲ್ ತೂಕ ಹೆಚ್ಚಿಸುತ್ತದೆ ಅಂತ ನಿಮಗೆ ಕಂಡದ್ದು ಬಹುಶಃ ಇದೇ. ಅದನ್ನು ಮಾರ್ಕರ್ ಹಾಕಿ ಆರಿಸಿಕೊಂಡು ಹೋದರೆ ನೀವು ದಪ್ಪ ಕಾಳಿನ ಜೊತೆ ಎತ್ತರದ ಗಿಡವನ್ನೂ ಆರಿಸಿಕೊಂಡಿರುತ್ತೀರಿ, ನೀರು ಗೊಬ್ಬರ ಕೊಟ್ಟ ಕಡೆ ಅದು ಮಲಗುತ್ತದೆ. ತೆನೆಗೆ ಕಾಳಿನ ಸಂಖ್ಯೆಯನ್ನೂ ಓಡಿಸಿ ನೋಡಿ. ಅದೇ ಜಾಗದಲ್ಲಿ ತಿರುಗುಮುರುಗಾದ ಪೀಕ್ ಬಂದರೆ ಇನ್ನು ಅನುಮಾನವೇ ಬೇಡ.

ಇಳುವರಿ ಕ್ಯೂಟಿಎಲ್ ಅಂತ ಯಾರೇ ತೋರಿಸಲಿ, ನಾನು ಮೊದಲು ಕೇಳುವುದು ಎರಡು. ಎತ್ತರದ ಪೀಕ್ ಎಲ್ಲಿದೆ? ತೆನೆ ಬಂದ ದಿನದ ಪೀಕ್ ಎಲ್ಲಿದೆ? ನಮ್ಮ ಕಡೆ ಚಳಿ ಇರುವುದೇ ಸ್ವಲ್ಪ ದಿನ. ಫೆಬ್ರುವರಿ ಬಂತೆಂದರೆ ಬಿಸಿಲು ಏರುತ್ತದೆ. ತಡವಾಗಿ ತೆನೆ ಬಿಟ್ಟ ಸಾಲಿನ ಕಾಳು ಹಾಲು ತುಂಬುವಾಗ ಬಿಸಿಲಿಗೆ ಸಿಕ್ಕಿ ಸೊರಗುತ್ತದೆ. ಆಗ ಬೇಗ ತೆನೆ ಬಿಡುವ ಜೀನ್ ಕೂಡ ಕಾಳಿನ ತೂಕದ ಜೀನ್ ವೇಷ ಹಾಕಿಕೊಂಡು ಬರುತ್ತದೆ. ಇದೇ ಸಾಲುಗಳನ್ನು ಚಳಿ ಉದ್ದ ಇರುವ ಪಂಜಾಬಿನಲ್ಲಿ ಬಿತ್ತಿದರೆ ಆ ಪೀಕ್ ಮಾಯವೂ ಆಗಬಹುದು.

ಇನ್ನೊಂದು ವಿಷಯ, ಇದು ಯಾವ ಪೇಪರ್‌ನಲ್ಲೂ ಬರೆಯುವುದಿಲ್ಲ. ಸಾವಿರ ಕಾಳು ಎಣಿಸುವ ಮುಂಚೆ ಕಾಳನ್ನು ಮೊರದಲ್ಲಿ ಕೇರಿದ್ದೀರಾ? ಕೇರಿದರೆ ಸೊರಗಿದ ಕಾಳೆಲ್ಲ ಹೊಟ್ಟಿನ ಜೊತೆ ಹಾರಿ ಹೋಗಿರುತ್ತದೆ. ಉಳಿದ ದಪ್ಪ ಕಾಳು ಎಣಿಸಿ ತೂಗಿದರೆ ಕೆಟ್ಟ ಸಾಲೂ ಒಳ್ಳೆ ಸಾಲಿನ ಹಾಗೆ ಕಾಣುತ್ತದೆ. ಅದೂ ಒಬ್ಬರು ಕೇರಿದಂತೆ ಇನ್ನೊಬ್ಬರು ಕೇರುವುದಿಲ್ಲ, ಬೆಳಿಗ್ಗೆ ಒಂದು ಕೈ ಮಧ್ಯಾಹ್ನ ಒಂದು ಕೈ ಆದರೆ ಮುಗಿಯಿತು, ಆ ವ್ಯತ್ಯಾಸಕ್ಕೂ ಸಾಫ್ಟ್‌ವೇರ್ ಎಲ್ಲೋ ಒಂದು ಪೀಕ್ ಹುಡುಕಿ ಕೊಡುತ್ತದೆ.

ಸಾಸ್ಕಟೂನ್_ಚಳಿ:

ಮೇಲಿನವರು ಹೇಳಿದ್ದು ಸರಿ. ಇಲ್ಲಿ ಕೆನಡಾದಲ್ಲೂ ಡ್ಯೂರಮ್ ದೊಡ್ಡ ಬೆಳೆ, ಎತ್ತರ ಗಿಡ್ಡ ಬೆರೆತ ಪಾಪ್ಯುಲೇಶನ್ ತೆಗೆದುಕೊಂಡರೆ 4ಬಿ ಉಳಿದದ್ದನ್ನೆಲ್ಲ ನುಂಗಿ ಹಾಕುತ್ತದೆ.

ಒಂದು ಎಚ್ಚರಿಕೆ. ಇದನ್ನು ಕೇಳಿ ನೀವು ಎತ್ತರವನ್ನೇ ಕೋವೇರಿಯೇಟ್ ಹಾಕಿ (ಅದರ ಪ್ರಭಾವವನ್ನು ಲೆಕ್ಕದಿಂದ ಕಳೆದು) ಓಡಿಸಲು ಹೋಗಬೇಡಿ, ಬಹಳ ಜನ ಹಾಗೆ ಮಾಡುತ್ತಾರೆ. ಎತ್ತರ ಅನ್ನುವುದು ಹತ್ತಾರು ಜೀನ್ ಸೇರಿ ಆಗಿರುವುದು, ಮಣ್ಣು ನೀರು ಕೂಡ ಅದರಲ್ಲಿದೆ. ಅದನ್ನು ಪೂರ್ತಿ ತೆಗೆದು ಹಾಕಿದರೆ ನಿಜವಾಗಿ ಕಾಳಿಗೆ ಸಂಬಂಧಪಟ್ಟದ್ದೂ ಜೊತೆಗೇ ಹೋಗಬಹುದು. ಆರ್‌ಎಚ್‌ಟಿ-ಬಿ1 ಮಾರ್ಕರ್ ಫಲಿತಾಂಶವನ್ನೇ ಮಾಡೆಲ್‌ನಲ್ಲಿ ಸ್ಥಿರವಾಗಿ ಇಟ್ಟು, ಉಳಿದ ಕ್ರೋಮೋಸೋಮ್‌ಗಳ ಮೇಲೆ ಏನು ಏಳುತ್ತದೆ ನೋಡಿ. ನಿಜವಾದ ಥೀಸಿಸ್ ಅಲ್ಲಿದೆ.

ಶೇ 24 ಅನ್ನುವ ಅಂಕಿಯನ್ನೂ ಅಷ್ಟು ನಂಬಬೇಡಿ. ಬೀವಿಸ್ ಅನ್ನುವವರು 90ರ ದಶಕದಲ್ಲೇ ತೋರಿಸಿದ್ದಾರೆ. ನೂರರ ಆಸುಪಾಸು ಸಾಲುಗಳಿದ್ದರೆ ಸಿಕ್ಕ ಕ್ಯೂಟಿಎಲ್‌ನ ಪರಿಣಾಮ ಇರುವುದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ, ಐನೂರು ಸಾಲು ಇದ್ದರೆ ಸ್ವಲ್ಪ ಮಾತ್ರ, ಸಾವಿರ ಇದ್ದರೆ ಹೆಚ್ಚುಕಡಿಮೆ ಸರಿಯಾದ ಅಂಕಿ. ಕಾರಣ ಇಷ್ಟೇ: ಗಡಿ ದಾಟಿದ್ದನ್ನು ಮಾತ್ರ ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ, ಸಣ್ಣ ಪಾಪ್ಯುಲೇಶನ್‌ನಲ್ಲಿ ಗಡಿ ದಾಟಬೇಕಾದರೆ ಅದೃಷ್ಟವೂ ಜೊತೆಗೆ ಇರಬೇಕು, ಆ ಅದೃಷ್ಟವೂ ಶೇ 24ರಲ್ಲಿ ಸೇರಿಕೊಂಡಿದೆ. ಹೊಸದಾಗಿ ಸಾಲು ಹೆಚ್ಚಿಸಲು ಈಗ ನಿಮ್ಮಿಂದ ಆಗದು. ಜಾಗ ಹೆಚ್ಚಿಸಿ. ಮಳೆಯಾಶ್ರಯದಲ್ಲಿ ಒಂದು, ನೀರಾವರಿಯಲ್ಲಿ ಒಂದು, ಎರಡು ವರ್ಷ. ಕಾಳಿನ ತೂಕ ವಾತಾವರಣಕ್ಕೆ ಅಷ್ಟಾಗಿ ಅಲುಗಾಡುವುದಿಲ್ಲ, ಆದ್ದರಿಂದ ಅದರ ಪೀಕ್ ಮತ್ತೆ ಮತ್ತೆ ಬರುತ್ತದೆ. ಪ್ಲಾಟ್ ಇಳುವರಿಯದು ಹಾಗಲ್ಲ, ಇಲ್ಲಿ ಬಂದದ್ದು ಅಲ್ಲಿ ಇರುವುದಿಲ್ಲ. ಅದಕ್ಕೇ ಎಲ್ಲರೂ ಇಳುವರಿ ಅಂತ ಶುರು ಮಾಡಿ ಕಾಳಿನ ತೂಕದಲ್ಲಿ ಬಂದು ನಿಲ್ಲುತ್ತಾರೆ!

ಎಸ್‌ಎಸ್‌ಆರ್‌ನಲ್ಲೇ ಇರುತ್ತೀರಾ? ತಪ್ಪೇನಿಲ್ಲ. ಆದರೆ ದುಡ್ಡು ಹೊಂದಿಸಲು ಆದರೆ ಎಸ್‌ಎನ್‌ಪಿ ಚಿಪ್‌ಗೆ (ಒಂದಕ್ಷರದ ಸಾವಿರಾರು ವ್ಯತ್ಯಾಸಗಳನ್ನು ಒಟ್ಟಿಗೆ ನೋಡುವುದು) ಕಳಿಸಿ, 35ಕೆ (ಸುಮಾರು 35 ಸಾವಿರ ಮಾರ್ಕರ್) ಸಾಕು, 90ಕೆ ಬೇಡ. ಡಿ ಜೀನೋಮ್‌ನ ಮಾರ್ಕರ್‌ಗಳು ನಿಮಗೆ ವ್ಯರ್ಥ, ಆದರೂ ಉಳಿದದ್ದೇ ಬೇಕಾದಷ್ಟು. ಸ್ವೆವೊ ಅನ್ನುವ ಇಟಲಿಯ ಡ್ಯೂರಮ್ ತಳಿಯ ಪೂರ್ತಿ ಜೀನೋಮ್ 2019ರಲ್ಲಿ ಬಂದಿದೆ. ಮಾರ್ಕರ್ ಜಾಗ ಅದರ ಮೇಲೆ ನೋಡಿ, ಚೈನೀಸ್ ಸ್ಪ್ರಿಂಗ್ ಮೇಲೆ ಬೇಡ.

ಜೆಲ್_ಡಾಕ್:

35ಕೆ ಚಿಪ್‌ಗೆ ಯಾರು ದುಡ್ಡು ಕೊಡುತ್ತಾರೆ ಅಣ್ಣ, ನೀವು ಕಳಿಸುತ್ತೀರಾ? ಇಲ್ಲಿ ಪಿಸಿಆರ್‌ಗೆ ಬೇಕಾದ ಟ್ಯಾಕ್ ಪಾಲಿಮರೇಸ್ ತರಿಸಲಿಕ್ಕೇ ಮೂರು ಸಹಿ ಬೇಕು.

ನವಲಗುಂದದ_ಎರೆ:

ನಾನು ಓದಿದವನಲ್ಲ ಅಂತಲ್ಲ, ಬಿಎಸ್ಸಿ ಮಾಡಿ ಊರಿಗೆ ಬಂದು ಒಕ್ಕಲುತನ ಮಾಡುತ್ತಿದ್ದೇನೆ. ಕ್ಯೂಟಿಎಲ್ ಗಿಟಿಎಲ್ ಅರ್ಧ ತಿಳಿಯಿತು. ಎಲ್ಲರೂ ಗಿಡ್ಡದ್ದೇ ಒಳ್ಳೆಯದು ಅನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮದು ಎರೆ ಹೊಲ, ನೀರಾವರಿ ಇಲ್ಲ. ಹಿಂಗಾರಿ ಬಿತ್ತುವ ಹೊತ್ತಿಗೆ ಮೇಲಿನ ಮಣ್ಣು ಒಣಗಿರುತ್ತದೆ, ಹಸಿ ಇರುವುದು ಕೆಳಗೆ. ಕೂರಿಗೆ ಆಳ ಬಿಟ್ಟು ಬಿತ್ತಿದರೆ ಹಳೆಯ ಎತ್ತರದ ಗೋಧಿ ಚೆನ್ನಾಗಿ ಹುಟ್ಟುತ್ತದೆ, ಗಿಡ್ಡ ಗೋಧಿ ಅಲ್ಲಲ್ಲಿ ತಪ್ಪುತ್ತದೆ. ಬಿತ್ತುವಾಗ ಬೀಜ ಜಾಸ್ತಿ ಹಾಕು ಅನ್ನುತ್ತಾರೆ, ಅದು ಉತ್ತರ ಆಯಿತೇನ್ರೀ? ನಿಮ್ಮ ಮಾರ್ಕರ್‌ಗೆ ಇದು ಗೊತ್ತಾಗುತ್ತದಾ?

ಪ್ಲಾಟ್_ನಂಬರ್_ಏಳು:

ಒಳ್ಳೆ ಪ್ರಶ್ನೆ ಕೇಳಿದಿರಿ ಯಜಮಾನರೇ. ಇದು ಅದೇ ಆರ್‌ಎಚ್‌ಟಿ-ಬಿ1 ಮಹಿಮೆ. ಮೊಳಕೆ ಮಣ್ಣು ಸೀಳಿಕೊಂಡು ಮೇಲೆ ಬರುವಾಗ ಅದರ ಸುತ್ತ ಒಂದು ಕವಚ ಇರುತ್ತದಲ್ಲ, ಆ ಕವಚ ಉದ್ದ ಇದ್ದಷ್ಟು ಆಳದಿಂದ ಮೇಲೆ ಬರಬಲ್ಲದು. ಗಿಬ್ಬರೆಲಿನ್ ಮಾತು ಕೇಳದ ಗಿಡದಲ್ಲಿ ದಂಟು ಮಾತ್ರ ಗಿಡ್ಡವಾಗುವುದಿಲ್ಲ, ಈ ಕವಚವೂ ಗಿಡ್ಡವಾಗುತ್ತದೆ. ಆಳಕ್ಕೆ ಬಿದ್ದ ಬೀಜದ ಕವಚ ಮೇಲೆ ತಲುಪುವ ಮುಂಚೆ ಮುಗಿದು ಹೋಗುತ್ತದೆ, ಎಲೆ ಮಣ್ಣೊಳಗೇ ಬಿಚ್ಚಿಕೊಂಡು ಮುದುಡುತ್ತದೆ. ಅಗೆದು ನೋಡಿದರೆ ಮಡಚಿಕೊಂಡ ಹಳದಿ ಎಲೆ ಸಿಗುತ್ತದೆ, ನೀವೂ ನೋಡಿರಬಹುದು. ಬೀಜ ಜಾಸ್ತಿ ಹಾಕಿದರೆ ಇದು ಸರಿಹೋಗುವುದಿಲ್ಲ.

ಬೇರೆ ಗಿಡ್ಡ ಜೀನ್‌ಗಳಿವೆ. ಆರ್‌ಎಚ್‌ಟಿ14, ಆರ್‌ಎಚ್‌ಟಿ18 ಅಂತ, ಎರಡೂ ಡ್ಯೂರಮ್‌ನವೇ, 6ಎ ಮೇಲೆ. ಇವು ದಂಟನ್ನು ಗಿಡ್ಡ ಮಾಡುತ್ತವೆ, ಕವಚದ ತಂಟೆಗೆ ಹೋಗುವುದಿಲ್ಲ, ಗಿಬ್ಬರೆಲಿನ್‌ಗೂ ಓಗೊಡುತ್ತವೆ. ಪುಣೆಯ ಅಗರ್ಕರ್ ಸಂಸ್ಥೆಯವರು ಆರ್‌ಎಚ್‌ಟಿ18 ಅನ್ನು ಮ್ಯಾಪ್ ಮಾಡಿ ಆಯ್ಕೆಗೆ ಬೇಕಾದ ಮಾರ್ಕರ್ ಕೂಡ ಕೊಟ್ಟಿದ್ದಾರೆ. ಇಲ್ಲಿ ಮಾರ್ಕರ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ. ಯಾಕೆಂದರೆ ಹೊಲದಲ್ಲಿ ನಿಂತು ನೋಡಿದರೆ ಬಿ1 ಗಿಡ್ಡವೂ ಒಂದೇ, 18 ಗಿಡ್ಡವೂ ಒಂದೇ. ಬಿ1 ತೆಗೆದು 18 ಇಡಬೇಕು ಅಂದರೆ ಎರಡನ್ನೂ ಕಣ್ಣಲ್ಲಿ ಬೇರೆ ಮಾಡಲು ಆಗುವುದಿಲ್ಲ, ಎಲೆಯ ಚೂರು ಕಿತ್ತು ಪಿಸಿಆರ್‌ಗೆ ಹಾಕಲೇಬೇಕು.

ಕಾಳಿನ ಗಾತ್ರಕ್ಕೂ ಇಂಥ ಜೀನ್ ಇಲ್ಲದಿಲ್ಲ. ಭತ್ತದಲ್ಲಿ 2007ರಲ್ಲಿ ಜಿಡಬ್ಲ್ಯೂ2 ಸಿಕ್ಕಿತು, ಗೋಧಿಯಲ್ಲಿ ಅದರ ಪ್ರತಿಗಳು 6ನೇ ಕ್ರೋಮೋಸೋಮ್ ಗುಂಪಿನಲ್ಲಿವೆ. 6ಎ ಪ್ರತಿಯನ್ನು ಕೆಡಿಸಿದರೆ ಕಾಳಿನ ತೂಕ ಶೇ 6-7ರಷ್ಟು ಏರುತ್ತದೆ, ಡ್ಯೂರಮ್‌ನಲ್ಲೂ ಬ್ರೆಡ್ ಗೋಧಿಯಲ್ಲೂ. ಉಳಿದ ಪ್ರತಿಗಳನ್ನೂ ಕೆಡಿಸಿದರೆ ಇನ್ನೂ ಏರುತ್ತದೆ. ಒಂದು ಕೆಟ್ಟರೆ ಇನ್ನೊಂದು ಪ್ರತಿ ಕೆಲಸ ಮಾಡುತ್ತಿರುತ್ತದೆ, ಗೋಧಿಯಲ್ಲಿ ಸಣ್ಣ ಸಣ್ಣ ಪರಿಣಾಮ ಜಾಸ್ತಿ ಸಿಗುವುದಕ್ಕೆ ಅದೂ ಒಂದು ಕಾರಣ. ಒಳ್ಳೆಯದೇ, ಆದರೆ ತೂಕ ಏರಿದ ಮಾತ್ರಕ್ಕೆ ಚೀಲ ಏರುವುದಿಲ್ಲ. ಕಾಳಿನ ಸಂಖ್ಯೆ ಇಳಿಯದೆ ಉಳಿಯಬೇಕು.

ಹಿಂಗಾರು_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಎತ್ತರ ಓಡಿಸಿ ನೋಡಿದೆ. ಅದೇ ಎರಡು ಮಾರ್ಕರ್ ನಡುವೆ, ಎಲ್‌ಒಡಿ 14. ಕಾಳಿನ ಸಂಖ್ಯೆಗೂ ಅಲ್ಲೇ ಸಣ್ಣ ಪೀಕ್ ಇದೆ, ಅದರ ಒಳ್ಳೆ ಆಲೀಲ್ ಗಿಡ್ಡ ಪೇರೆಂಟ್ ಕಡೆಯದು. ಪೇಪರ್ ಮಾತು ಸದ್ಯಕ್ಕೆ ನಿಂತಿದೆ, ಲ್ಯಾಬ್‌ನಲ್ಲಿ ಯಾರ ಮುಖವೂ ಸರಿ ಇಲ್ಲ. ಆರ್‌ಎಚ್‌ಟಿ-ಬಿ1 ಪ್ರೈಮರ್ ತರಿಸುತ್ತಿದ್ದೇವೆ. ಮೊರದ ವಿಷಯ ಹೊಲದ ಕೆಲಸದವರನ್ನು ಕೇಳಿದೆ, ಮೊದಲನೇ ರೆಪ್ಲಿಕೇಶನ್ ಕೇರಿದ್ದಾರಂತೆ, ಎರಡನೆಯದು ಫ್ಯಾನ್ ಮುಂದೆ ಹಿಡಿದಿದ್ದಾರಂತೆ. ತೆಗೆದಿಟ್ಟ ತೆನೆಗಳು ಪ್ರತಿ ಸಾಲಿನದೂ ಇವೆ, ಅವನ್ನು ಕೈಯಲ್ಲಿ ಬಿಡಿಸಿ ಎಣಿಸಬಹುದಾ?

ನವಲಗುಂದದ ಅಣ್ಣನಿಗೆ ಒಂದು ಮಾತು. ನನ್ನ 94 ಸಾಲುಗಳಲ್ಲಿ ಅರ್ಧ ಎತ್ತರ ಅರ್ಧ ಗಿಡ್ಡ ಇವೆ. ಇವನ್ನೇ ಆಳವಾಗಿ ಬಿತ್ತಿ ಹುಟ್ಟುವುದನ್ನು ಎಣಿಸಿದರೆ ಉಪಯೋಗ ಆಗುತ್ತದಾ ಅಂತ ಯೋಚಿಸುತ್ತಿದ್ದೇನೆ.

ಪ್ಲಾಟ್_ನಂಬರ್_ಏಳು:

ತೆನೆ ಬಿಡಿಸಿ ಎಣಿಸಿ, ಆದರೆ ಎಲ್ಲ ಸಾಲಿನಲ್ಲೂ ತಾಯಿ ದಂಟಿನ ತೆನೆಯೇ ಇರಬೇಕು. ಒಂದರಲ್ಲಿ ತಾಯಿ ದಂಟಿನದು, ಇನ್ನೊಂದರಲ್ಲಿ ಕಡೆಯ ತೆಂಡೆಯದು ಅಂತ ಬೆರೆತಿದ್ದರೆ ಬೇಡ. ಸೊರಗಿದ ಕಾಳನ್ನೂ ಎಣಿಕೆಯಲ್ಲಿ ಸೇರಿಸಿ, ಬಿಸಾಡಬೇಡಿ. ತೂಗುವ ಮುಂಚೆ ಎಲ್ಲವನ್ನೂ ಒಂದೇ ಸಲ ಲ್ಯಾಬ್‌ನ ಓವನ್‌ನಲ್ಲಿ ಒಣಗಿಸಿ.

ಆಳದ ಬಿತ್ತನೆಗೆ ಹೊಲ ಬೇಡ, ಹೊಲದಲ್ಲಿ ಆಳ ಒಂದೇ ಸಮ ಸಿಗುವುದಿಲ್ಲ. ಮೊದಲು ಕತ್ತಲಲ್ಲಿ ಮರಳು ತಟ್ಟೆಯಲ್ಲಿ ಮೊಳಕೆ ಬರಿಸಿ ಕವಚದ ಉದ್ದ ಸ್ಕೇಲ್‌ನಲ್ಲಿ ಅಳೆಯಿರಿ. ಒಂದೇ ಗಾತ್ರದ ಕಾಳು ಆರಿಸಿಕೊಳ್ಳಿ, ದಪ್ಪ ಕಾಳಿನ ಕವಚ ಹೇಗೂ ಉದ್ದ ಬರುತ್ತದೆ, ಇಲ್ಲದಿದ್ದರೆ ಮತ್ತೆ 4ಬಿಯದೇ ಗೊಂದಲ. ಗಿಡ್ಡ ಸಾಲುಗಳ ಒಳಗೇ ಯಾವುದಾದರೂ ಒಂದೆರಡು ಉದ್ದ ಕವಚ ತೋರಿಸಿದರೆ ಆ ಸಾಲುಗಳ ಬೀಜ ಬೇರೆ ತೆಗೆದಿಡಿ.

ನವಲಗುಂದದ_ಎರೆ:

ಮರಳು ತಟ್ಟೆ ಆದಮೇಲೆ ಹೊಲ ಬೇಕಾದರೆ ಹೇಳಿರಿ ತಂಗಿ. ಕೂರಿಗೆ ನಮ್ಮಲ್ಲೇ ಐತಿ.